ದೋಷವು ಮರೆಯಾದರೆ ಸಾಕೇ?

ಶಿಕಾರಿಪುರದ ಸೀಮೆಯಲ್ಲಿ ಕುಮುದ್ವತಿಯ ನೀರನ್ನು ತಡೆದು ನಿಲ್ಲಿಸಿರುವ ಅಂಜನಾಪುರದ ಜಲಾಶಯವು ಕೆಳಗಣ ಗದ್ದೆಗಳಿಗೆ ಜೀವನಾಧಾರವಾಗಿರುವುದು. ತೂಬನ್ನು ತೆರೆದಿದ್ದರೂ ಕಾಲುವೆಯ ತುದಿಯ ಗದ್ದೆಗೆ ನೀರು ತಲಪದಿದ್ದರೆ ರೈತನು ಏನು ಮಾಡುವನು? ಏರಿಯ ಮೇಲೆ ನಡೆದು, ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿಂದ ಮುಂದೆ ಬಂದಿಲ್ಲವೆಂಬುದನ್ನು ನೋಡುವನು. ಆ ಎರಡು ಎಡೆಗಳ ನಡುವೆಯೇ ದೋಷವಿರತಕ್ಕದ್ದು. ತಾರ್ಕಿಕರು ಅನ್ವಯ-ವ್ಯತಿರೇಕಗಳೆಂದು ಹೇಳುವುದನ್ನು ಅವನು ಕಾಲ್ನಡಿಗೆಯಿಂದಲೇ ಸಾಧಿಸುವನು.

ಇಂದು ತೂಬಿನ ಬಾಗಿಲನ್ನು ಎತ್ತಿಳಿಸುವ ಕೆಲಸವನ್ನು ಯಂತ್ರಕ್ಕೆ ವಹಿಸಬಹುದು. ಆ ಯಂತ್ರದ ಬುದ್ಧಿಸ್ಥಾನದಲ್ಲಿ ಎಫ್‌ಪಿಜಿಎ ಎಂಬ ಚಿಪ್ಪು ಇರಬಹುದು. ಅಮೆರಿಕದ ಜೈಲಿಂಕ್ಸ್ ಸಂಸ್ಥೆಯವರು 1985ರಲ್ಲಿ ಮೊದಲು ಮಾರಾಟಕ್ಕೆ ತಂದ ಈ ವಸ್ತುವಿನ ವಿಶೇಷವೇನೆಂದರೆ, ಕಾರ್ಖಾನೆಯಿಂದ ಹೊರಬಿದ್ದ ಮೇಲೂ ಅದರ ಒಳಗಣ ತರ್ಕಸಂಬಂಧಗಳನ್ನು ಹೊಸ ಬರಹದಿಂದ ಬದಲಾಯಿಸಬಹುದು. ಗಣಕದ ಕಮಾಂಡ್ ಲೈನಿನಲ್ಲಿ ಒಂದು ಪಂಕ್ತಿಯ ಆಜ್ಞೆಯನ್ನು ಬರೆದರೆ ಆ ಬರಹವು ಚಿಪ್ಪನ್ನು ಸೇರುವುದು. 1990ರಲ್ಲಿ ಪ್ರಮಾಣೀಕೃತವಾದ ಜೆಟ್ಯಾಗ್ ಎಂಬ ಮಾರ್ಗದಿಂದ ಮೊದಲು “ನೀನು ಯಾರು?” ಎಂದು ಅದನ್ನು ಕೇಳಿ, ಮೂವತ್ತೆರಡು ಬಿಟ್‌ಗಳ ಗುರುತನ್ನು ಪಡೆಯಬಹುದು, ನಡೆಯುತ್ತಿರುವ ಕೆಲಸವನ್ನು ಕೆಡಿಸದೆಯೇ ಕಾಲುಕಾಲಿನ ಸ್ಥಿತಿಯನ್ನು ಪ್ರತ್ಯಕ್ಷವಾಗಿ ನೋಡಬಹುದು.

ಇಂಥ ಯಂತ್ರವೊಂದು ಒಂದು ರಾತ್ರಿ ಅಕಾಲದಲ್ಲಿ ಬಾಗಿಲನ್ನು ಮುಚ್ಚಿತೆಂದು ಭಾವಿಸೋಣ. ಯಂತ್ರಜ್ಞನು ತಿದ್ದಿದ ಬರಹವನ್ನು ತುಂಬಿದನು. ಬಾಗಿಲು ಸರಿಯಾಗಿ ತೆರೆಯಿತು. ಅವನು ಸಂತೋಷದಿಂದ ಮನೆಗೆ ಹೋದನು. ಮರುದಿನ ವಿದ್ಯುತ್ತು ನಿಂತು ಮರಳಿ ಬಂದೊಡನೆ ಹಳೆಯ ದೋಷವೇ ಬಂದು ನಿಂತಿತು. ಕಾರಣವಿಷ್ಟೆ: ಇಂಥ ಹಲವು ಚಿಪ್ಪುಗಳ ನೆನಪು ವಿದ್ಯುತ್ತು ಇರುವವರೆಗೆ ಮಾತ್ರ, ಶಾಶ್ವತವಾದ ಬರಹವು ಬೇರೆಯ ಸ್ಮೃತಿಕೋಶದಲ್ಲಿರುವುದು. ಓಪನ್‌ಎಫ್‌ಪಿಜಿಎಲೋಡರ್ ಎಂಬ ಸಾಧನದಲ್ಲಿ ಈ ಎರಡಕ್ಕಿರುವ ಅಂತರವು ಆಜ್ಞೆಯಲ್ಲಿ ಸೇರಿಸುವ ‘ಎಫ್’ ಎಂಬ ಒಂದೇ ಅಕ್ಷರ.

ಇಲ್ಲಿ ಅಪರಾಧವು ಯಾರದು? ಚಿಪ್ಪು ಹೇಳಿದುದನ್ನು ಹೇಳಿದಂತೆಯೇ ಮಾಡಿತು. ಆಜ್ಞಾಪಿಸಿದವನು ಒಂದಕ್ಷರವನ್ನು ಬಿಟ್ಟನೆಂಬುದು ಮರವೆ, ಅದನ್ನು ಕ್ಷಮಿಸಬಹುದು. ಆದರೆ ದೋಷವು ಕಾಣದಾದ ಮಾತ್ರಕ್ಕೆ ಅದು ನಾಶವಾಯಿತೆಂದು ಬಗೆದು, ವಿದ್ಯುತ್ತನ್ನು ಒಮ್ಮೆ ನಿಲ್ಲಿಸಿ ನೋಡದೆ ಎದ್ದುಹೋದುದು ಮರವೆಯಲ್ಲ. ತನಗೆ ಪ್ರಿಯವಾದ ಸಿದ್ಧಾಂತವನ್ನು ಪರೀಕ್ಷೆಗೆ ಒಡ್ಡಲು ಮನಸ್ಸು ಹಿಂಜರಿಯಿತು. ಇದು ಅಸತ್ಯದ ಸೂಕ್ಷ್ಮರೂಪವು. ಅದರ ಫಲವನ್ನು ಉಣ್ಣುವವನು ಯಂತ್ರಜ್ಞನಲ್ಲ, ಕಾಲುವೆಯ ತುದಿಯ ರೈತನು.

ತಿದ್ದುವುದು ಸುಲಭವಾದಷ್ಟೂ ವಿಚಾರವು ಅನಾವಶ್ಯಕವೆಂದು ಕೆಲವರು ತಿಳಿಯುವರು. ಇದೇ ಸೀಮೆಯ ತಾಳಗುಂದದ ಕಂಬದಲ್ಲಿ ಕದಂಬರ ಪ್ರಶಸ್ತಿಯನ್ನು ರಚಿಸಿ ತಾನೇ ಕೆತ್ತಿದ ಕುಬ್ಜಕವಿಗೆ, ಕಲ್ಲು ಎರಡನೆಯ ಅವಕಾಶವನ್ನು ಕೊಡುತ್ತಿರಲಿಲ್ಲ. ಆ ಭಯವೇ ಎಚ್ಚರವನ್ನು ಕಲಿಸುತ್ತಿತ್ತು. ಅಳಿಸಿ ಬರೆಯಬಲ್ಲವನಿಗೆ ಎಚ್ಚರವನ್ನು ಕಲಿಸಲು ಕಲ್ಲಿಲ್ಲ. ಅದು ಅವನ ಶೀಲದಿಂದಲೇ ಬರಬೇಕು. ಆಜ್ಞೆಯನ್ನು ಅಕ್ಷರರೂಪದಲ್ಲಿ ಉಳಿಸುವುದು, ಬರೆದುದನ್ನು ಮರಳಿ ಓದಿಸುವುದು, ದೋಷವನ್ನು ಬೇಕೆಂದೇ ಬರಿಸಿ ಅನಂತರ ಹೋಗಲಾಡಿಸುವುದು, ಇವು ಆ ಶೀಲದ ಅಂಗಗಳು. ಬರೆದಿಟ್ಟ ಆಜ್ಞೆಯನ್ನು ಮತ್ತೊಬ್ಬನು ಪುನಃ ಪ್ರಯೋಗಿಸಿ “ಇಲ್ಲಿ ತಪ್ಪಿದೆ” ಎನ್ನಬಲ್ಲನು. ಹಾಗೆ ಹೇಳಿಸಿಕೊಳ್ಳಲು ಸಿದ್ಧನಿರುವವನೇ ತನ್ನ ಕೆಲಸವು ಮುಗಿಯಿತೆಂದು ಹೇಳಲು ಅಧಿಕಾರಿಯು.