ಆಶೀರ್ವಾದ ಮತ್ತು ಸೀಟ್ ಬೆಲ್ಟ್



ಹೊಸ ಎಸ್‌ಯುವಿ ಕೊಂಡೊಡನೆ ಅದನ್ನು ದೇವಾಲಯದ ಅಂಗಳಕ್ಕೆ ತರುತ್ತೇವೆ. ಗುರುಗಳು ಪ್ರಾರ್ಥಿಸಿ ಪವಿತ್ರ ಜಲ ಪ್ರೋಕ್ಷಿಸುತ್ತಾರೆ. ಆದರೆ ಮನೆಗೆ ಮರಳುವಾಗ ಹಿಂದಿನ ಆಸನದಲ್ಲಿ ಯಾರೂ ಬೆಲ್ಟ್ ಧರಿಸುವುದಿಲ್ಲ. ದೇವರು ಕಾಯುತ್ತಾನೆಂಬ ಈ ನಿಶ್ಚಿಂತೆ ವಿಶ್ವಾಸವೋ, ಉದಾಸೀನವೋ?

ದೇವಾಲಯದ ಶಿಖರದಿಂದ ಧುಮುಕೆಂದು ಸೈತಾನನು ಪ್ರೇರೇಪಿಸಿದಾಗ ಯೇಸುಸ್ವಾಮಿ ಧುಮುಕಲಿಲ್ಲ. ದೇವರನ್ನು ನಂಬುವುದು ಬೇರೆ, ಪರೀಕ್ಷಿಸುವುದು ಬೇರೆ. ಸೃಷ್ಟಿಯ ನಿಯಮಗಳು ನಮಗಾಗಿ ಸಡಿಲವಾಗುವುದಿಲ್ಲ. ವೇಗ ಎರಡು ಪಟ್ಟಾದರೆ, ಬ್ರೇಕ್ ಒತ್ತಿದ ಮೇಲೆ ವಾಹನ ಕ್ರಮಿಸುವ ದೂರ ಸುಮಾರು 4 ಪಟ್ಟಾಗುತ್ತದೆ. ಎತ್ತರದ ವಾಹನವು ತಗ್ಗಿನ ಕಾರಿಗಿಂತ ಸುಲಭವಾಗಿ ಮಗುಚಬಲ್ಲದು. ಏರ್‌ಬ್ಯಾಗ್ ಬೆಲ್ಟಿಗೆ ಪೂರಕವೇ ಹೊರತು ಬದಲಿಯಲ್ಲ.

'ನನ್ನ ಜೀವ, ನನ್ನ ಇಷ್ಟ' ಎನ್ನುವಂತೆಯೂ ಇಲ್ಲ. ಡಿಕ್ಕಿಯಾದಾಗ ಹಿಂದೆ ಬೆಲ್ಟ್ ಧರಿಸದೆ ಕುಳಿತವನು ಮುಂದಿನವರ ಮೇಲೆಯೇ ಅಪ್ಪಳಿಸುತ್ತಾನೆ. 1959ರಲ್ಲಿ ವೋಲ್ವೊ ಸಂಸ್ಥೆಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ ಮೂರು ಬಿಂದುಗಳ ಬೆಲ್ಟನ್ನು ಆ ಸಂಸ್ಥೆ ಇತರ ತಯಾರಕರ ಬಳಕೆಗೂ ಬಿಟ್ಟುಕೊಟ್ಟಿತು. ಪರರ ಜೀವಕ್ಕಾಗಿ ಲಾಭವನ್ನೇ ತೊರೆಯಬಹುದಾದರೆ, ನಾವು ಒಂದು ಕ್ಷಣದ ಸೋಮಾರಿತನವನ್ನು ತೊರೆಯಲಾರೆವೇ?

ಬೆಲ್ಟ್ ಒಳಗಿರುವವರನ್ನು ಕಾಯುತ್ತದೆ, ಹೊರಗಿರುವವರನ್ನು ಕಾಯುವವರಾರು? ಎತ್ತರದ ಬಾನೆಟ್ಟಿನ ಎದುರಿಗೇ ನಿಂತ ಪುಟ್ಟ ಮಗು ಚಾಲಕನ ಕಣ್ಣಿಗೆ ಬೀಳದೇ ಹೋಗಬಹುದು. ಬಲಿಪೂಜೆ ಮುಗಿದು ಅಂಗಳದಲ್ಲಿ ಮಕ್ಕಳು ಆಡುತ್ತಿರುವಾಗ, ವಾಹನ ಹತ್ತುವ ಮೊದಲು ಅದರ ಸುತ್ತ ಒಮ್ಮೆ ನಡೆದು ನೋಡಿರಿ. ಅದೂ ನೆರೆಯವರ ಪ್ರೀತಿಯೇ.

ಆಶೀರ್ವಾದ ದೇವರದು, ಅದನ್ನು ರಸ್ತೆಯಲ್ಲಿ ನೆರೆಯವನಿಗೆ ತಲುಪಿಸಬೇಕಾದ ಕೈಗಳು ನಮ್ಮವು.