ಪ್ರಶ್ನೆ ಕೇಳುವವನ ಧರ್ಮ

ಸಂದೇಹ ಬಂದಾಗ ಪ್ರಭುವಾದವನು ಬಲ್ಲವರನ್ನು ಕೇಳಿ ನಡೆಯಬೇಕೆಂಬುದು ನಮ್ಮ ಶಾಸ್ತ್ರಕಾರರೆಲ್ಲರೂ ಒಪ್ಪಿದ ಮಾತು. ಆದರೆ ವಾದಿಪ್ರತಿವಾದಿಗಳನ್ನು ವಿಚಾರಿಸಿ ವ್ಯಾಜ್ಯವನ್ನು ತೀರ್ಮಾನಿಸುವ ಪ್ರಾಡ್ವಿವಾಕನನ್ನೂ, ಧರ್ಮಸಂಶಯವನ್ನು ಪರಿಹರಿಸುವ ಪರಿಷತ್ತನ್ನೂ ಅವರು ಬೇರೆಬೇರೆಯಾಗಿಯೇ ಎಣಿಸಿದರು. ನಮ್ಮ ಈಗಿನ ರಾಜ್ಯಾಂಗದಲ್ಲಿ ಈ ಎರಡು ಕಾರ್ಯಗಳೂ ಒಂದೇ ಪೀಠಕ್ಕೆ ಸಂದಿವೆ. ಅದರ 143ನೆಯ ವಿಧಿಯ ಪ್ರಕಾರ ರಾಷ್ಟ್ರಪತಿಗಳು ಸಾರ್ವಜನಿಕ ಮಹತ್ತ್ವವುಳ್ಳ ಪ್ರಶ್ನೆಯೊಂದನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಪ್ಪಿಸಿ ಅದರ ಅಭಿಪ್ರಾಯವನ್ನು ಬೇಡಬಹುದು. ಇದು 1935ರ ಶಾಸನದ 213ನೆಯ ಕಲಮಿನಿಂದ ಬಂದ ಪಿತ್ರಾರ್ಜಿತ. ಮಂತ್ರಿಗಳ ಸಲಹೆಯಂತೆಯೇ ನಡೆಯಬೇಕಾದ ರಾಷ್ಟ್ರಪತಿಗಳು ಆ ಸಲಹೆಯ ಮೇರೆಗೇ ಇನ್ನೊಂದು ಸಲಹೆಯನ್ನು ಕೇಳುವರೆಂಬುದು ಸ್ವಲ್ಪ ವಿನೋದದ ಸಂಗತಿಯೇ ಸರಿ.

ಅಮೆರಿಕದಲ್ಲಿ ಹೀಗಿಲ್ಲ. 1793ರಲ್ಲಿ ಫ್ರಾನ್ಸ್ ಬ್ರಿಟನ್ನುಗಳಿಗೆ ಯುದ್ಧವೊದಗಿದಾಗ ಅಧ್ಯಕ್ಷ ವಾಷಿಂಗ್ಟನ್ನರ ಪರವಾಗಿ ಜೆಫರ್ಸನ್ನರು 29 ಪ್ರಶ್ನೆಗಳನ್ನು ನ್ಯಾಯಾಧೀಶರ ಮುಂದಿಟ್ಟರು. ಮುಖ್ಯ ನ್ಯಾಯಾಧೀಶ ಜಾನ್ ಜೇ ಮತ್ತು ಅವರ ಸಹೋದ್ಯೋಗಿಗಳು ವಿನಯದಿಂದಲೇ ಉತ್ತರವನ್ನು ನಿರಾಕರಿಸಿದರು. ಅದು ಬಿಗುಮಾನವೆಂದು ನಾನು ತಿಳಿಯಲಾರೆ. ಕೇವಲ ಸಲಹೆಯೆಂದು ಕೊಟ್ಟ ಮಾತೂ ನ್ಯಾಯಪೀಠದಿಂದ ಬಂದ ಮೇಲೆ ಜನರ ಕಿವಿಗೆ ತೀರ್ಪಾಗಿಯೇ ಬೀಳುತ್ತದೆ. ಕೇಳಿದವನಿಗಾದರೋ ಇಷ್ಟವಾದರೆ ತೀರ್ಪು, ಕಷ್ಟವಾದರೆ ಸಲಹೆ.

ಆದುದರಿಂದ ಇಲ್ಲಿ ಮೊದಲು ಶೋಧಿಸತಕ್ಕದ್ದು ಕೇಳುವವನ ಅಂತಃಕರಣವನ್ನು. ಪ್ರಶ್ನೋಪನಿಷತ್ತಿನಲ್ಲಿ ಸಮಿತ್ಪಾಣಿಗಳಾಗಿ ಬಂದ ಆರು ಮಂದಿಗೆ ಪಿಪ್ಪಲಾದನು, ಒಂದು ವರ್ಷ ನಿಯಮದಿಂದಿದ್ದು ಆಮೇಲೆ ಕೇಳಿರಿ, ತಿಳಿದಿದ್ದರೆ ಹೇಳುವೆನು ಎಂದನು. ಕೇಳುವವನಿಗೆ ನಿಯಮ, ಹೇಳುವವನಿಗೆ ಸ್ವಾತಂತ್ರ್ಯ: ಎರಡೂ ಅಲ್ಲಿ ಒಟ್ಟಿಗೇ ಇವೆ. ನಮ್ಮ ವಿಧಿಯ ಮೊದಲನೆಯ ಖಂಡವೂ ಉತ್ತರ ಕೊಡಲೇಬೇಕೆಂದು ನ್ಯಾಯಾಲಯವನ್ನು ಕಟ್ಟುವುದಿಲ್ಲ. ನಿಯಮದ ಮಾತನ್ನು ಮಾತ್ರ ಅದು ಎತ್ತಿಲ್ಲ.

ಕಾವೇರಿಯ ಪ್ರಸಂಗ ನಮ್ಮವರಿಗೆ ಮರೆಯುವಂಥದಲ್ಲ. 1991ರ ಜೂನಿನಲ್ಲಿ ನ್ಯಾಯಮಂಡಲಿಯು ತಮಿಳುನಾಡಿಗೆ 205 ಟಿ.ಎಂ.ಸಿ. ನೀರು ಬಿಡಬೇಕೆಂದು ಮಧ್ಯಂತರ ಆಜ್ಞೆ ಮಾಡಿತು. ಜುಲೈಯಲ್ಲಿ ನಮ್ಮ ಸರ್ಕಾರ ಅದಕ್ಕಿದಿರಾಗಿ ಸುಗ್ರೀವಾಜ್ಞೆ ಹೊರಡಿಸಿತು. ಕೂಡಲೆ ರಾಷ್ಟ್ರಪತಿಗಳು ಪ್ರಶ್ನೆಯನ್ನು ಒಪ್ಪಿಸಿದರು. ನವೆಂಬರಿನಲ್ಲಿ ಬಂದ ಅಭಿಪ್ರಾಯ ಸುಗ್ರೀವಾಜ್ಞೆ ರಾಜ್ಯಾಂಗಬಾಹಿರವೆಂದು. ಅದು ನಮಗೆ ಕಹಿಯಾಯಿತೆಂಬುದು ಬೇರೆ ಮಾತು. ಅದೇ ಅಭಿಪ್ರಾಯದಲ್ಲಿ, ತಾನು ಹಿಂದೆ ಕೊಟ್ಟ ತೀರ್ಪಿನ ಮೇಲೆ ಈ ಮಾರ್ಗವಾಗಿ ಅಪೀಲು ಕೇಳಲಾಗದೆಂದೂ ನ್ಯಾಯಾಲಯ ಸ್ಪಷ್ಟಪಡಿಸಿತು. ಉತ್ತರ ಮೊದಲೇ ದೊರೆತಿದ್ದು, ಅದು ಹಿಡಿಸದೆ ಪುನಃ ಕೇಳುವುದು ಜಿಜ್ಞಾಸೆಯಲ್ಲವಷ್ಟೆ. 2025ರ ಏಪ್ರಿಲಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಮಸೂದೆಗಳಿಗೆ ಅಂಗೀಕಾರ ಕೊಡುವುದಕ್ಕೆ ರಾಜ್ಯಪಾಲರಿಗೂ ರಾಷ್ಟ್ರಪತಿಗಳಿಗೂ ಕಾಲಮಿತಿ ವಿಧಿಸಿದರು. ಮುಂದಿನ ತಿಂಗಳೇ 14 ಪ್ರಶ್ನೆಗಳು ಹೋದುವು. ನವೆಂಬರಿನಲ್ಲಿ ಐವರ ಪೀಠ ಹಾಗೆ ಮಿತಿ ವಿಧಿಸಲಾಗದೆಂದಿತು. ಕೊನೆಯ ಮಾತು ಸರಿಯಿರಬಹುದು. ಕೇಳಿದ್ದು ಸಂಶಯದಿಂದಲೋ ಅಸಮಾಧಾನದಿಂದಲೋ ಎಂಬ ಪ್ರಶ್ನೆ ಅದರಿಂದ ತೀರುವುದಿಲ್ಲ.

ಇದಕ್ಕಿಂತಲೂ ಗಹನವಾದದ್ದು 1993ರ ಅಯೋಧ್ಯೆಯ ಪ್ರಶ್ನೆ. ಮಸೀದಿಗೆ ಪೂರ್ವದಲ್ಲಿ ಅಲ್ಲಿ ದೇವಾಲಯವಿದ್ದಿತೆ ಎಂದು ಕೇಳಿದರು. ಅತ್ತ ಶಾಸನವೊಂದರಿಂದ ನಡೆಯುತ್ತಿದ್ದ ದಾವೆಗಳನ್ನೇ ನಿಲ್ಲಿಸಿದರು. ಕಕ್ಷಿಗಾರರ ಬಾಯಿ ಕಟ್ಟಿ ನ್ಯಾಯಾಧೀಶರನ್ನು ಮಾತನಾಡೆಂದಂತಾಯಿತು. 1994ರ ಅಕ್ಟೋಬರಿನಲ್ಲಿ ಐವರೂ ಪ್ರಶ್ನೆಯನ್ನು ಗೌರವಪೂರ್ವಕವಾಗಿ ಹಿಂದಿರುಗಿಸಿದರು. ದಾವೆಗಳು ಮರಳಿ ಜೀವ ಪಡೆದುವು. ಅವು ಅಲಹಾಬಾದಿನ ಉಚ್ಚ ನ್ಯಾಯಾಲಯವನ್ನು ಹಾದು 2019ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾದುವು. ಇಪ್ಪತ್ತೈದು ವರ್ಷ ಹಿಡಿಯಿತು, ನಿಜ. ಆದರೆ ಆ ತೀರ್ಪು ಬಂದದ್ದು ಉಭಯಪಕ್ಷದವರೂ ತಮ್ಮ ಮಾತನ್ನು ಹೇಳಿ ಮುಗಿಸಿದ ಮೇಲೆ.