ಜಾರುವ ಕ್ಲಚ್ಚೂ ಕಾರಣದ ವಿಚಾರವೂ

ಕಾರ್ಯವೊಂದರ ಮುನ್ನ ಇದ್ದುದೆಲ್ಲವೂ ಅದರ ಕಾರಣವಾಗಲಾರದೆಂಬುದನ್ನು ನಮ್ಮ ತಾರ್ಕಿಕರು ಬಹುಕಾಲದ ಹಿಂದೆಯೇ ನಿರ್ಣಯಿಸಿ, ಅದಕ್ಕೆ ನಿದರ್ಶನವಾಗಿ ಕುಂಬಾರನ ಕತ್ತೆಯನ್ನು ನಿಲ್ಲಿಸಿಹೋಗಿದ್ದಾರೆ. ಮಣ್ಣು ಹೊತ್ತು ತಂದ ಆ ಕತ್ತೆಯು ಗಡಿಗೆ ಹುಟ್ಟುವುದಕ್ಕೆ ಮೊದಲೇ ಅಲ್ಲಿದ್ದುದು ನಿಜ. ಆದರೆ ಮಣ್ಣು ಗಾಡಿಯಲ್ಲಿ ಬಂದಿದ್ದರೂ ಗಡಿಗೆ ಆಗುತ್ತಿತ್ತಾದುದರಿಂದ ಶಾಸ್ತ್ರವು ಅದನ್ನು ಕಾರಣಗಳ ಪಂಕ್ತಿಯಿಂದ ಎಬ್ಬಿಸಿ, ಅನ್ಯಥಾಸಿದ್ಧವೆಂದು ಹೆಸರಿಟ್ಟು ಹೊರಗೆ ಕಳುಹಿತು. ಈ ವಿವೇಕವು ಪಾಠಶಾಲೆಯ ಜಗಲಿಯಲ್ಲಿಯೇ ಉಳಿಯಬೇಕಾದುದಲ್ಲವೆಂಬುದನ್ನು ತಿಳಿಯಬೇಕಾದರೆ ಹಳೆಯ ಬುಲೆಟ್ ಮೋಟಾರ್ ಸೈಕಲ್ಲಿನ ಎಡಮಗ್ಗುಲ ಪೆಟ್ಟಿಗೆಯನ್ನೊಮ್ಮೆ ತೆರೆದು ನೋಡಬೇಕು.

1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿದ ಈ ವಾಹನದ ಹಳೆಯ ಮಾದರಿಗಳಲ್ಲಿ ಎಂಜಿನ್ನಿಗೊಂದು, ಗೇರ್ ಬಾಕ್ಸಿಗೊಂದು, ಪ್ರೈಮರಿ ಚೈನ್ ಓಡುವ ಪೆಟ್ಟಿಗೆಗೊಂದು ಎಂದು ಎಣ್ಣೆಗೆ ಮೂರು ಪ್ರತ್ಯೇಕ ಆಶ್ರಯಗಳುಂಟು. ಮೂರನೆಯದಾದ ಈ ಪೆಟ್ಟಿಗೆಯಲ್ಲಿ ಜೋಡಿಸಾಲಿನ ಚೈನೊಂದು ಎಂಜಿನ್ನಿನ ಬಲವನ್ನು ಕ್ಲಚ್ಚಿಗೆ ಒಯ್ಯುತ್ತದೆ. ಕ್ಲಚ್ಚಿನ ಪ್ಲೇಟುಗಳು ಸ್ಪ್ರಿಂಗುಗಳ ಒತ್ತಡದಿಂದ ಒಂದನ್ನೊಂದು ಕಚ್ಚಿ ಹಿಡಿದು ಆ ಬಲವನ್ನು ಗೇರುಗಳಿಗೆ ದಾಟಿಸುತ್ತವೆ. ಚೈನು ಸವೆಯದಂತೆ ಅದರ ಘರ್ಷಣೆಯನ್ನು ತಗ್ಗಿಸಬೇಕಾದ ಎಣ್ಣೆಯೇ, ಅದೇ ಪೆಟ್ಟಿಗೆಯಲ್ಲಿ ಪ್ಲೇಟುಗಳ ಘರ್ಷಣೆಯನ್ನು ಕೆಡಿಸದೆಯೂ ಇರಬೇಕು. ಒಂದೇ ಧರ್ಮವು ಒಂದೆಡೆ ದೋಷವೂ ಗೇಣಳತೆಯ ದೂರದಲ್ಲಿ ಗುಣವೂ ಆಗುವ ಈ ವೈಚಿತ್ರ್ಯವನ್ನು ಹಿಡಿದು ಗುಣದೋಷಗಳ ಸಾಪೇಕ್ಷತೆಯ ಮೇಲೆ ಉಪನ್ಯಾಸವನ್ನೇ ಹೊಸೆಯಬಹುದು. ನನಗೆ ಇಲ್ಲಿ ಅದರ ಗೊಡವೆಯಿಲ್ಲ. ಕ್ಲಚ್ ಕೆಟ್ಟಾಗ ಜನರು ಕಾರಣವನ್ನು ಹೇಗೆ ಹುಡುಕುತ್ತಾರೆಂಬುದಷ್ಟೇ ನನ್ನ ವಿಷಯ.

ಸಿಂಥೆಟಿಕ್ ಎಣ್ಣೆ ಹಾಕಿದರೆ ಕ್ಲಚ್ ಜಾರುತ್ತದೆಂಬ ಮಾತನ್ನು ಕೇಳದ ಬುಲೆಟ್ಟಿನ ಒಡೆಯರು ವಿರಳ. ಇದು ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂಬ ವ್ಯಾಪ್ತಿಯಂಥದು, ಎಂದರೆ ಒಂದಿದ್ದಲ್ಲೆಲ್ಲ ಇನ್ನೊಂದು ಇದ್ದೇ ಇರುವುದೆಂಬ ನಿಯಮದಂಥದು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆಗೆ ಬೆಂಕಿಯೊಂದೇ ಸಾಲದು, ಹಸಿ ಸೌದೆಯ ಸಂಯೋಗವೂ ಬೇಕು. ಹೀಗೆ ಅಡಗಿ ನಿಂತು ವ್ಯಾಪ್ತಿಯನ್ನು ಕೆಡಿಸುವ ನಿಬಂಧನೆಗೆ ತಾರ್ಕಿಕರು ಉಪಾಧಿಯೆನ್ನುತ್ತಾರೆ. ನಮ್ಮ ಎಣ್ಣೆಯ ವಿಷಯದಲ್ಲಿ ಹಸಿ ಸೌದೆಯ ಸ್ಥಾನದಲ್ಲಿರುವುದು, ಇಂಧನದ ಉಳಿತಾಯಕ್ಕೆಂದು ಅನೇಕ ಕಾರಿನ ಎಣ್ಣೆಗಳಿಗೆ ಬೆರಸುವ ಘರ್ಷಣಾಹಾರಿ ರಾಸಾಯನಿಕ. ಅದಿದ್ದರೆ ಖನಿಜ ತೈಲದಲ್ಲಿಯೂ ಪ್ಲೇಟು ಜಾರೀತು. ಇಲ್ಲವಾದರೆ ಸಿಂಥೆಟಿಕ್ಕಿನಲ್ಲಿಯೂ ನಿಂತೀತು. ಮೋಟಾರ್ ಸೈಕಲ್ಲಿನ ಎಣ್ಣೆಗೆಂದೇ 1998ರಲ್ಲಿ ಜಪಾನಿನಲ್ಲಿ ರೂಪುಗೊಂಡ ಜಾಸೊ ಮಾನಕವು ಎಣ್ಣೆಯ ಕುಲವನ್ನು ಕೇಳದೆ ಅದರ ಘರ್ಷಣೆಯನ್ನೇ ಅಳೆದು, ಹೆಚ್ಚಿನ ಘರ್ಷಣೆಯುಳ್ಳುದಕ್ಕೆ ಎಂಎ ಎಂದೂ ಕಡಮೆಯದಕ್ಕೆ ಎಂಬಿ ಎಂದೂ ಗುರುತಿಟ್ಟಿತು. ಅಣ್ಣಂಭಟ್ಟನ ತರ್ಕಸಂಗ್ರಹವನ್ನು ಕಣ್ಣಿನಿಂದಲೂ ಕಾಣದ ಎಂಜಿನಿಯರುಗಳು ಉಪಾಧಿಯನ್ನು ಗುರುತಿಸಿದರು. ಆ ಗ್ರಂಥವನ್ನು ಕಂಠಪಾಠ ಮಾಡಿದವರಲ್ಲಿ ಕೆಲವರು ಸಿಂಥೆಟಿಕ್ ಡಬ್ಬಿಯನ್ನು ಕಂಡು ಇಂದಿಗೂ ಮುಖ ತಿರುಗಿಸುತ್ತಾರೆ.

ಎಣ್ಣೆಯನ್ನು ಬಯ್ಯುವುದಕ್ಕೆ ಮೊದಲು ಇನ್ನೊಂದನ್ನು ನೋಡಬೇಕು. ಗಾಡಿ ಏರು ಹತ್ತುವಾಗ ಎಂಜಿನ್ ಮಾತ್ರ ಬೊಬ್ಬಿಟ್ಟು ಚಕ್ರಕ್ಕೆ ಬಲ ಬಾರದಿದ್ದರೆ ಕ್ಲಚ್ ಜಾರುತ್ತಿದೆಯೆನ್ನುತ್ತೇವೆ. ಲಿವರನ್ನು ಪೂರ್ತಿ ಹಿಡಿದರೂ ಗಾಡಿ ಮುಂದಕ್ಕೆಳೆಯುತ್ತಿದ್ದರೆ, ಮೊದಲನೆಯ ಗೇರು ಖಟ್ಟೆಂದು ಬಿದ್ದರೆ, ನಿಂತಲ್ಲಿ ನ್ಯೂಟ್ರಲ್ ಸಿಕ್ಕದಿದ್ದರೆ ಕ್ಲಚ್ ಬಿಡುತ್ತಿಲ್ಲವೆನ್ನುತ್ತೇವೆ. ಪರಸ್ಪರ ವಿರುದ್ಧವಾದ ಈ ಎರಡು ವ್ಯಾಧಿಗಳೂ ಕೇಬಲ್ಲಿನಲ್ಲಿರಬೇಕಾದ ಎರಡು ಮೂರು ಮಿಲಿಮೀಟರ್ ಸಡಿಲದ ಹೆಚ್ಚುಕಡಮೆಯಿಂದಲೇ ಹುಟ್ಟಬಲ್ಲವು. ಆ ಸಡಿಲವೇ ಇಲ್ಲದಿದ್ದರೆ ಗೇರ್ ಬಾಕ್ಸಿನ ಟೊಳ್ಳು ಶಾಫ್ಟಿನೊಳಗಿಂದ ಬರುವ ಸರಳು ಸದಾ ಒತ್ತುತ್ತಲೇ ಇದ್ದು ಸ್ಪ್ರಿಂಗುಗಳಿಗೆ ಹಿಡಿಯಲು ಬಿಡದು. ಸಡಿಲವು ಮಿತಿಮೀರಿದರೆ ಪ್ಲೇಟುಗಳು ಪೂರ್ತಿ ಬೇರ್ಪಡವು. ಪ್ಲೇಟು ಸವೆದಿರಬಹುದು, ಸೊಟ್ಟಗಾಗಿರಬಹುದು, ಸ್ಪ್ರಿಂಗು ಸೋತಿರಬಹುದು, ಪ್ಲೇಟಿನ ಕಿವಿಗಳು ಬಡಿಬಡಿದು ಹೊರಬುಟ್ಟಿಯಲ್ಲಿ ಗುಳಿಬಿದ್ದು ಅಲ್ಲಿಯೇ ಸಿಕ್ಕಿಕೊಳ್ಳುತ್ತಿರಬಹುದು. ರಾತ್ರಿಯೆಲ್ಲ ನಿಂತ ಗಾಡಿಯ ಪ್ಲೇಟುಗಳು ದಪ್ಪನೆಯ ಎಣ್ಣೆಗೆ ಅಂಟಿಕೊಂಡು ಮುಂಜಾವದಲ್ಲಿ ಬಿಡದಿದ್ದರೆ ಅದು ರೋಗವೇ ಅಲ್ಲ: ಕ್ಲಚ್ ಹಿಡಿದು ನಾಲ್ಕು ಬಾರಿ ಕಿಕ್ಕರನ್ನು ತುಳಿದರೆ ಅವು ಬೇರೆಯಾಗುತ್ತವೆ. ಆಟೊಮ್ಯಾಟಿಕ್ ಗೇರಿನ ಕಾರುಗಳಿಗೆಂದಿರುವ ತೆಳ್ಳನೆಯ ಕೆಂಪು ದ್ರವವನ್ನು ಕೆಲವರು ಈ ಪೆಟ್ಟಿಗೆಗೆ ಹಾಕಿ ಮೆಚ್ಚುವುದು ಈ ಅಂಟು ತಪ್ಪುವುದರಿಂದಲೇ. ಆದರೆ ಅವುಗಳಲ್ಲಿಯೂ ಘರ್ಷಣಾಹಾರಿ ಬೆರೆತ ಜಾತಿ ಬೇರೆ, ಬೆರೆಯದ ಜಾತಿ ಬೇರೆ ಎಂಬುದನ್ನು ವಿಚಾರಿಸದೆ ಮೆಚ್ಚುವವರೇ ಹೆಚ್ಚು.

ಹೀಗೆ ಹತ್ತು ಕಡೆಯಿಂದ ಬರಬಹುದಾದ ದೋಷವನ್ನು ಹೊತ್ತ ಗಾಡಿಯನ್ನು ಒಡೆಯನು ಷೆಡ್ಡಿಗೆ ಒಯ್ಯುತ್ತಾನೆ. ಅಲ್ಲಿ ಎಣ್ಣೆ ಬದಲಾಗುತ್ತದೆ, ಕವಚ ಬಿಚ್ಚಿದ್ದಾಯಿತಲ್ಲ ಎಂದು ಪ್ಲೇಟುಗಳನ್ನು ತೊಳೆಯುತ್ತಾರೆ, ಕೊನೆಗೆ ಹೊರಡುವ ಮುನ್ನ ಕೇಬಲ್ಲನ್ನೂ ತುಸು ತಿರುವುತ್ತಾರೆ. ಗಾಡಿ ಸರಿಹೋಗುತ್ತದೆ; ಒಡೆಯನು ಊರೆಲ್ಲ ಹೊಸ ಎಣ್ಣೆಯ ಮಹಿಮೆಯನ್ನು ಸಾರುತ್ತಾನೆ. ಮೂರರಲ್ಲಿ ಕುಂಬಾರನಾವನು, ಕತ್ತೆಯಾವುದು? ಎಣ್ಣೆ ಬದಲಾದಾಗ ರೋಗ ಹೋಯಿತೆಂಬ ಅನ್ವಯವೊಂದೇ ಸಾಲದು. ಎಣ್ಣೆಯನ್ನು ಬದಲಿಸದೆ ಕೇಬಲ್ಲನ್ನು ಮಾತ್ರ ತಿರುವಿದ್ದರೆ ರೋಗವು ಉಳಿಯುತ್ತಿತ್ತೆಂಬ ವ್ಯತಿರೇಕವೂ ಸಿದ್ಧವಾಗಬೇಕು. ಆ ಪರೀಕ್ಷೆಯನ್ನು ಮಾಡಿದವರಿಲ್ಲ. ಫಲ ದೊರೆತವನಿಗೆ ಕಾರಣದ ಚಿಂತೆ ಮಾಯವಾಗುವುದು ಮನುಷ್ಯಸಹಜವೇ. ಹರಕೆ ಫಲಿಸಿತೆನ್ನುವವರ ಮಾತಿನಲ್ಲಿಯೂ, ಔಷಧ ನಾಟಿತೆನ್ನುವವರ ಮಾತಿನಲ್ಲಿಯೂ ಈ ವಿಸ್ಮೃತಿಯೇ ಇದೆ.

ಹಾಗೆಂದು, ಯಾವ ವ್ಯಾಪ್ತಿಯನ್ನೂ ನಂಬಲಾಗದೆಂಬ ಚಾರ್ವಾಕನ ಪಕ್ಷವನ್ನು ನಾನು ಹಿಡಿಯಲಾರೆ. ನಮ್ಮ ನಡತೆಗೇ ವಿರೋಧ ಬರುವ ತನಕ ಮಾತ್ರ ಸಂಶಯಕ್ಕೆ ಎಡೆಯುಂಟೆಂದು ಉದಯನಾಚಾರ್ಯರು ಅವನಿಗೆ ಕೊಟ್ಟ ಉತ್ತರವೇ ಸಮರ್ಪಕವಾದುದು: ಕಾರಣವೆಂಬುದೇ ಇಲ್ಲವೆಂದು ವಾದಿಸುವವನೂ ಹೊರಡಬೇಕಾದಾಗ ಕಿಕ್ಕರನ್ನೇ ತುಳಿಯುತ್ತಾನೆ. ಸಂಶಯವನ್ನು ಮುಗಿಸುವ ಉಪಾಯ ಅದನ್ನು ತಡೆಯುವುದಲ್ಲ, ಕ್ರಮವಾಗಿ ನಡೆಸುವುದು. ಹಳೆಯ ಗಾಡಿಯ ಒಡೆಯರಲ್ಲಿ ನನ್ನ ಬಿನ್ನಹ ಇಷ್ಟೆ: ಮೊದಲು ಕೇಬಲ್ಲಿನ ಸಡಿಲವನ್ನು ಸರಿಪಡಿಸಿ, ಗಾಡಿಯನ್ನು ಓಡಿಸಿ ನೋಡಿ, ಆಮೇಲೆ ಎಣ್ಣೆಯ ಮಟ್ಟವನ್ನೂ ವಾಸನೆಯನ್ನೂ ಪರೀಕ್ಷಿಸಿ, ಬದಲಿಸುವುದಾದರೆ ಎಂಎ ಗುರುತಿನದನ್ನೇ ಹಾಕಿ, ಮತ್ತೆ ಓಡಿಸಿ ನೋಡಿ, ಅನಂತರವೇ ಪ್ಲೇಟುಗಳಿಗೆ ಕೈ ಹಚ್ಚಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ.